ಬಲಗಡೆಯ ತೂಕ

ಅಲ್ ಮಬೇಲಾ, ಒಮಾನ್
ಫೆಬ್ರವರಿ 10, 1995

ದೇಜಪ್ಪಣ್ಣನವರಿಗೆ ಬೊನಿಫಾಸ್ ಮಾಡುವ ನಮಸ್ಕಾರ.

ನನ್ನ ಕೈಬರಹ ಕಂಡ ಕೂಡಲೇ ಈ ಕಾಗದವನ್ನು ಭಟ್ಟಿಗೆ ಹಾಕುತ್ತೀರೋ ಏನೋ. ಹಾಕುವುದಾದರೆ ಎರಡನೆಯ ಪುಟ ಓದಿ ಹಾಕಿ. ಅದರಲ್ಲಿ ಕೆಲಸದ ವಿಷಯ ಇದೆ. ಕೆಲಸದ ಮಾತಿಗೆ ನೀವು ಯಾರ ಮೇಲೂ ಮುನಿಸು ಇಟ್ಟುಕೊಂಡವರಲ್ಲವೆಂದು, ಹೆಜಮಾಡಿಯ ನಿಮ್ಮ ಸ್ಪ್ರಿಂಗ್ ಶಾಪಿನಲ್ಲಿ ವರ್ಷಗಟ್ಟಲೆ ಸುತ್ತಿಗೆ ಹಿಡಿದ ನನಗೆ ಗೊತ್ತು.

ಕಳೆದ ಜೂನಿನಲ್ಲಿ ಬೋಜ ಹೋದ ಮೇಲೆ ನಾನು ಬರೆದ ಯಾವ ಕಾಗದಕ್ಕೂ ನಿಮ್ಮಿಂದ ಉತ್ತರ ಬರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳುವ ಮುಖವೂ ನನಗಿಲ್ಲ. ವೀಸಾ ಕಳಿಸಿ ನಿಮ್ಮ ಮಗನನ್ನು ಇಲ್ಲಿಗೆ ಕರೆಸಿದವನು ನಾನು, ಪೆಟ್ಟಿಗೆಯಲ್ಲಿ ವಾಪಸು ಕಳಿಸಿದವನೂ ನಾನು. ಅಷ್ಟೇ. ಪುಟ ತಿರುಗಿಸಿ.

ಇಲ್ಲಿ ನಮಗೆ ವೀಸಾ ಕೊಟ್ಟ ಧಣಿ, ಕಫೀಲ್ ಖಲ್ಫಾನ್, ಮಿಲಿಟರಿಯಿಂದ ನಿವೃತ್ತಿಯಾದ ಮನುಷ್ಯ, ಒಳ್ಳೆಯವನೇ. ಆದರೆ ಅಮೆರಿಕದ ಒಂದು ಮ್ಯಾಗಜೀನ್ ನೋಡಿ ತಲೆ ಕೆಡಿಸಿಕೊಂಡಿದ್ದಾನೆ. ಹಳೆಯ ಕಾಲದ ಫೋರ್ಡಿನ ಮೈ, ಅದರೊಳಗೆ ಹೊಸ ದೊಡ್ಡ ಎಂಜಿನ್, ನೆಲ ಸವರಿಕೊಂಡು ಹೋಗುವಷ್ಟು ತಗ್ಗು. ಹಾಟ್ ರಾಡ್ ಅನ್ನುತ್ತಾರೆ. ನವೆಂಬರಿನ ನ್ಯಾಷನಲ್ ಡೇಗೆ ಅದು ರಸ್ತೆಗಿಳಿಯಬೇಕಂತೆ. ಈ ಸಲ ಇಪ್ಪತ್ತೈದನೆಯದು, ಊರಿಗೂರೇ ದೀಪ ಹಾಕುವವರಿದ್ದಾರೆ.

ಪ್ರಶ್ನೆ ಇಷ್ಟೇ. ಹಳೆಯ ಸ್ಪ್ರಿಂಗ್ ಪ್ಲೇಟುಗಳೆಲ್ಲ ತುಕ್ಕು ಹಿಡಿದು ಹೋಗಿವೆ. ಅವುಗಳ ಜಾಗಕ್ಕೆ ಏರ್ ಬ್ಯಾಗ್ ಬೇಕು ಎನ್ನುತ್ತಾನೆ ಖಲ್ಫಾನ್. ರಬ್ಬರಿನ ಚೀಲಗಳು, ಗಾಳಿ ತುಂಬಿದರೆ ಕಾರು ಏಳುತ್ತದೆ, ಬಿಟ್ಟರೆ ಕೂರುತ್ತದೆ, ಎಲ್ಲ ಸ್ವಿಚ್ಚಿನಲ್ಲಿ. ನನಗೆ ಕಾಯಿಲ್ ಓವರ್ ಮೇಲೆ ಮನಸ್ಸು. ಶಾಕ್ ಅಬ್ಸಾರ್ಬರಿನ ಮೈಗೇ ಸುತ್ತಿಕೊಂಡ ಸ್ಪ್ರಿಂಗು, ಒಮ್ಮೆ ಕೂರಿಸಿದರೆ ಮುಗಿಯಿತು. ಯಾವುದು ಸರಿ?

ಯಾವ ಕಾರು ಎಂದು ನೀವು ಕೇಳುವ ಮೊದಲು ನಾನೇ ಹೇಳುತ್ತೇನೆ. ಅದೇ ಕಾರು. ಸೊಹಾರಿನಿಂದ ಬೋಜ ಲಾರಿಯಲ್ಲಿ ಹೇರಿಸಿಕೊಂಡು ಬಂದದ್ದು. ಬಾಗಿಲು ಬಡಿದುಕೊಳ್ಳಬಾರದೆಂದು ಅವನು ಲಾರಿಯ ಮೇಲೆ ಆ ಕಾರಿನೊಳಗೇ ಕೂತು ಬಂದ. ಮಬೇಲಾ ಮುಟ್ಟುವಾಗ ಕೂತಲ್ಲೇ ಹೋಗಿದ್ದ. ಡಾಕ್ಟರು ಜೂನಿನ ಬಿಸಿಲು ಎಂದರು, ಹೃದಯ ಎಂದರು. ಖಲ್ಫಾನ್ ಕಾರನ್ನು ಗುಜರಿಗೆ ಹಾಕಬಹುದಿತ್ತು, ಹಾಕಲಿಲ್ಲ.

ನಿಮ್ಮ
ಬೊನಿಫಾಸ್


ಹೆಜಮಾಡಿ
ಮಾರ್ಚ್ 2, 1995

ಬೊನಿಫಾಸ್,

ಕಾಗದ ಸಿಕ್ಕಿತು. ಎರಡನೆಯ ಪುಟಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

ಗಾಳಿ ಬೇಡ. ರಬ್ಬರು ಎಲ್ಲಿದ್ದರೂ ರಬ್ಬರೇ. ನಿಮ್ಮಲ್ಲಿಯ ಬಿಸಿಲಿಗೂ ಧೂಳಿಗೂ ಎರಡು ಬೇಸಿಗೆ ತಡೆಯುವುದಿಲ್ಲ. ಒಂದು ಕಡೆ ಸಣ್ಣಗೆ ಸೋರಿದರೆ ಕಾರು ಕುಂಟುತ್ತದೆ, ಯಾಕೆ ಕುಂಟಿತೆಂದು ಹುಡುಕುವುದರಲ್ಲಿ ನಿನ್ನ ತಲೆ ಹಣ್ಣಾಗುತ್ತದೆ. ಗಾಳಿಯ ಮೇಲೆ ನಿಂತ ಗಾಡಿ ತನ್ನ ನಿಜವಾದ ಭಾರ ಎಷ್ಟೆಂದು ಯಾರಿಗೂ ಹೇಳುವುದಿಲ್ಲ. ಸ್ಪ್ರಿಂಗಿಗೆ ಮುಚ್ಚಿಡಲು ಬರುವುದಿಲ್ಲ. ಭಾರ ಬಿದ್ದರೆ ಬಾಗುತ್ತದೆ, ತೆಗೆದರೆ ಏಳುತ್ತದೆ. ಕಾಯಿಲ್ ಹಾಕು.

ಆದರೆ ಸ್ಪ್ರಿಂಗ್ ಎಷ್ಟು ಗಟ್ಟಿ ಬೇಕೆಂದು ನಾನು ಇಲ್ಲಿ ಕೂತು ಹೇಗೆ ಹೇಳಲಿ? ಅಳತೆ ಕೊಡದೆ ಅಂಗಿ ಹೊಲಿಸಲು ಬಂದವನ ಹಾಗಾಯಿತು ನಿನ್ನದು. ನಾಲ್ಕು ಚಕ್ರವನ್ನೂ ಸಮನೆಲದಲ್ಲಿಟ್ಟು ಒಂದೊಂದಾಗಿ ತೂಗು. ಎಡ ಎಷ್ಟು, ಬಲ ಎಷ್ಟು, ಬರೆ. ಎಂಜಿನ್ ಕೂರಿಸಿಯೇ ತೂಗು.

ದೇಜಪ್ಪ


ಅಲ್ ಮಬೇಲಾ
ಏಪ್ರಿಲ್ 7, 1995

ದೇಜಪ್ಪಣ್ಣ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೆಂದು ಹೇಳಿದರೆ ನಗುತ್ತೀರಿ. ಬೈಗುಳವೇ ಇರಲಿ, ನಿಮ್ಮ ಕೈಬರಹ ಕಂಡಿತಲ್ಲ.

ಎಂಜಿನ್ ಕಾರಿನೊಳಗೆ ಇಳಿಸಿ ಕೂರಿಸಿದ್ದೇವೆ. ಸ್ಟಿಯರಿಂಗ್, ಪೆಡಲು, ಬ್ಯಾಟರಿ ಇನ್ನೂ ಕೂರಿಸಿಲ್ಲ. ಸೀಟಿಗೆ ಕುಶನ್ ಇಲ್ಲ, ಎರಡೂ ಕಡೆ ಬರೀ ಹಲಗೆ. ಹಿಂದಿನ ಬೀದಿಯ ಗುಜರಿಯವನ ತೂಕದ ಯಂತ್ರ ತಂದು ನೀವು ಹೇಳಿದ ಹಾಗೇ ತೂಗಿದೆ. ಮುಂದೆ ಹಿಂದೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಲಗಡೆಯ ಎರಡು ಚಕ್ರ ಸೇರಿ ಎಡಗಡೆಗಿಂತ ಐವತ್ತೆಂಟು ಕಿಲೋ ಜಾಸ್ತಿ ತೋರಿಸುತ್ತಿದೆ. ಚಾಸಿ ಸೊಟ್ಟಗಾಗಿದೆಯೋ ಎಂದು ದಾರ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಸೊಟ್ಟವಿಲ್ಲ.

ಇನ್ನೊಂದು ಸಣ್ಣ ವಿಷಯ. ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಇಲ್ಲಿ ಮಧ್ಯಾಹ್ನ ಶಾಪು ಮುಚ್ಚುತ್ತೇವೆ, ಬಿಸಿಲಿಳಿದ ಮೇಲೆ ತೆರೆಯುವುದು. ತೆರೆದ ಕೂಡಲೇ ಪಕ್ಕದ ಕೆಫೆಟೇರಿಯಾದ ಮೊಯ್ದು ಚಹಾ ತರುತ್ತಾನೆ, ಉಪ್ಪಳದ ಕಡೆಯವನು. ಕಳೆದ ವಾರದಿಂದ ದಿನಾ ಒಂದು ಗ್ಲಾಸು ಜಾಸ್ತಿ ತರುತ್ತಿದ್ದಾನೆ. ಯಾರಿಗೆ ಎಂದು ಕೇಳಿದೆ. “ಕಾರಲ್ಲಿ ಕೂತವರಿಗೆ ಬೇಡವಾ?” ಎಂದ. ಕಾರಿನಲ್ಲಿ ಯಾರೂ ಇಲ್ಲ ಎಂದೆ. ಅವನು ಬಗ್ಗಿ ನೋಡಿ, ಆ ಗ್ಲಾಸನ್ನು ತಾನೇ ಕುಡಿದು ಹೋದ. ಮರುದಿನ ಮತ್ತೆ ತಂದ.

ಕಣ್ಣಿನ ತೊಂದರೆ ಇರಬೇಕು. ಸ್ಪ್ರಿಂಗಿನ ಲೆಕ್ಕ ಬೇಗ ಕಳಿಸಿ.

ನಿಮ್ಮ
ಬೊನಿಫಾಸ್


ಹೆಜಮಾಡಿ
ಏಪ್ರಿಲ್ 24, 1995

ಬೊನಿಫಾಸ್,

ಇಷ್ಟು ವರ್ಷ ಕೆಲಸ ಮಾಡಿ ಏನು ಕಲಿತೆ? ಡ್ರೈವರ್ ಸೀಟಿನಲ್ಲಿ ಒಬ್ಬನನ್ನು ಕೂರಿಸಿಕೊಂಡೇ ತೂಗಿದ್ದೀಯ. ಬಲಗಡೆ ಜಾಸ್ತಿ ಬಾರದೆ ಇನ್ನೇನು? ಅದೂ ನೀನು ಕೂತದ್ದಲ್ಲ, ನೀನಾದರೆ ಎಂಬತ್ತು ಬರಬೇಕಿತ್ತು. ಸಪೂರದ ಯಾರನ್ನೋ ಕೂರಿಸಿದ್ದಿ.

ಇಳಿಸಿ ತೂಗು.

ಮೊಯ್ದುವಿನ ಕಥೆ ನನಗೆ ಬೇಡ.

ದೇಜಪ್ಪ


ಅಲ್ ಮಬೇಲಾ
ಮೇ 19, 1995

ದೇಜಪ್ಪಣ್ಣ,

ಯಾರೂ ಕೂತಿರಲಿಲ್ಲ.

ನೀವು ಬೈದಿರಿ ಎಂದು ಬೇರೆ ಯಂತ್ರ ತರಿಸಿ ತೂಗಿದೆ. ಎಲ್ಲರನ್ನೂ ಶಾಪಿನಿಂದ ಹೊರಗೆ ಹಾಕಿ ಒಬ್ಬನೇ ತೂಗಿದೆ. ಕಾರಿನ ಮುಖ ತಿರುಗಿಸಿ ನಿಲ್ಲಿಸಿಯೂ ತೂಗಿದೆ. ಅದೇ ಬಲಗಡೆ, ಅದೇ ಐವತ್ತೆಂಟು.

ಇನ್ನು ನಿಮ್ಮ ಡ್ರೈವರ್ ಸೀಟಿನ ಮಾತು. ನೀವು ನಮ್ಮೂರಿನ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೀರಿ. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಸ್ಟಿಯರಿಂಗ್ ಇರುವುದು ಎಡಕ್ಕೆ. ಬಲಗಡೆ ಇರುವುದು ಜೊತೆಗೆ ಬರುವವನ ಜಾಗ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಹೋಗದೆ ಶಾಪಿನ ಒಳಗೇ ಉಳಿದೆ. ತಗಡಿನ ಮಾಡು ಸುಡುತ್ತಿತ್ತು. ಸ್ಪ್ಯಾನರು ಕೈಗೆತ್ತಿಕೊಂಡರೆ ಚರ್ಮ ಏಳುವ ಹಾಗಿತ್ತು. ಎಡಗಡೆಯ ಹಲಗೆ ಮುಟ್ಟಿದೆ, ಕೆಂಡ. ಬಲಗಡೆಯ ಹಲಗೆಯ ಮೇಲೆ ಕೈ ಇಟ್ಟೆ. ತಣ್ಣಗಿತ್ತು ದೇಜಪ್ಪಣ್ಣ, ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗೆ. ಕೈ ತೆಗೆಯುವ ಧೈರ್ಯ ಬರಲಿಲ್ಲ. ತೆಗೆದರೆ ಯಾರಿಗೋ ಬೇಸರವಾದೀತು ಎಂದು ಅನಿಸಿತು. ಜಪಸರ ಕಿಸೆಯಲ್ಲೇ ಇತ್ತು, ಅದನ್ನು ತೆಗೆಯಲೂ ನೆನಪಾಗಲಿಲ್ಲ. ಹಾಗೇ ಎಷ್ಟು ಹೊತ್ತು ನಿಂತಿದ್ದೆನೋ.

ಲಾರಿ ಬಂದ ದಿನ ಅವನು ಯಾವ ಕಡೆ ಕೂತಿದ್ದ ಎಂದು ನೀವು ಇದುವರೆಗೆ ಕೇಳಿಲ್ಲ. ನಾನೂ ಬರೆದಿಲ್ಲ. ಕೇಳಿದರೆ ಹೇಳುತ್ತೇನೆ.

ನಿಮ್ಮ
ಬೊನಿಫಾಸ್


ಹೆಜಮಾಡಿ
ಜೂನ್ 11, 1995

ಪ್ರೀತಿಯ ಬೊನಿಫಾಸ್,

ಕೇಳಬೇಕಾಗಿಲ್ಲ. ಬಲಗಡೆ.

ಅವನು ಡ್ರೈವಿಂಗ್ ಕಲಿತದ್ದು ನಮ್ಮ ಹಳೆಯ ಲಾರಿಯಲ್ಲಿ. ಯಾವ ಗಾಡಿ ಹತ್ತಿದರೂ ಕಾಲು ಬಲಗಡೆಗೇ ಹೋಗುತ್ತಿತ್ತು. ಅಲ್ಲಿ ಅದಕ್ಕಾಗಿ ಎಲ್ಲರೂ ನಗುತ್ತಾರೆ ಎಂದು ಅವನೇ ತಂಗಿಗೆ ಬರೆದಿದ್ದ.

ಗಲ್ಫಿನ ಮೆಡಿಕಲ್‌ಗೆ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋದದ್ದು ನಾನು. ನಿನಗೆ ಅದು ಗೊತ್ತಿರಲಿಕ್ಕಿಲ್ಲ. ಅಪ್ಪನಾದ ನನಗೆ ಅವನು ಹೋಗುವುದು ಇಷ್ಟವಿರಲಿಲ್ಲ ಎಂದೇ ಎಲ್ಲರಿಗೂ ಗೊತ್ತು. ಇಷ್ಟವಿರಲಿಲ್ಲ, ನಿಜ. ಆದರೂ ತೂಕ ಕಡಿಮೆ ಬಂದರೆ ಫೇಲ್ ಮಾಡುತ್ತಾರೆ ಎಂದು ಯಾರೋ ಹೆದರಿಸಿದ್ದಕ್ಕೆ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು ತೆಗೆದು, ತಿನ್ನು ತಿನ್ನು ಎಂದು ಗಂಟಲಿಗೆ ತುರುಕಿದೆ. ಅವನು ನಗುತ್ತಾ ತಿಂದ. ಯಂತ್ರದ ಮುಳ್ಳು ಐವತ್ತೆಂಟಕ್ಕೆ ನಿಂತಿತು. ನಾನು ಪಕ್ಕದಲ್ಲೇ ನಿಂತಿದ್ದೆ.

ಪೆಟ್ಟಿಗೆ ಬಂದಾಗ ತೆರೆಯಬೇಡಿ ಎಂದರು. ತೆರೆಯಲಿಲ್ಲ. ಏನನ್ನು ಸುಟ್ಟೆವೋ ನನಗೆ ಗೊತ್ತಿಲ್ಲ.

ಕಾಯಿಲ್ ಬೇಡ ಬೊನಿಫಾಸ್. ಗಾಳಿಯೇ ಹಾಕು. ಬಲಗಡೆಯ ಚೀಲಕ್ಕೆ ಸ್ವಲ್ಪ ಜಾಸ್ತಿ ತುಂಬಿದರೆ ಕಾರು ಸಮ ನಿಲ್ಲುತ್ತದೆ, ಖಲ್ಫಾನನಿಗೆ ಏನೂ ಗೊತ್ತಾಗುವುದಿಲ್ಲ. ಸ್ಪ್ರಿಂಗಾದರೆ ಆ ಕಡೆ ತಗ್ಗಿರುವುದು ಕಾಣುತ್ತದೆ. ಕುರಾನ್ ಓದಿ ಬಿಡಿಸುವ ಅವರ ಕಡೆಯವರನ್ನು ಕರೆಸಿ ಅವನನ್ನು ಓಡಿಸಿಬಿಡುತ್ತಾರೆ. ಅವನು ಕೂತಿರಲಿ. ಯಾರಿಗೂ ತೊಂದರೆ ಕೊಡುವವನಲ್ಲ.

ಮೊಯ್ದುವಿಗೆ ಹೇಳು, ಚಹಾಕ್ಕೆ ಸಕ್ಕರೆ ಎರಡು ಚಮಚ.

ಇತಿ,
ದೇಜಪ್ಪ


ಹೆಜಮಾಡಿ
ಆಗಸ್ಟ್ 20, 1995

ಬೊನಿಫಾಸಣ್ಣನಿಗೆ, ಬೋಜಣ್ಣನ ತಂಗಿ ವಿನೋದಾ ಬರೆಯುವುದು.

ಅಪ್ಪನಿಗೆ ತಿಳಿಯದೆ ಬರೆಯುತ್ತಿದ್ದೇನೆ. ನಿಮ್ಮ ಕಾಗದಗಳನ್ನು ಓದಿದ್ದೇನೆ, ಕ್ಷಮಿಸಿ. ಬೇರೆ ದಾರಿ ಇರಲಿಲ್ಲ.

ನೀವು ನಮ್ಮಲ್ಲೇ ಇದ್ದವರು, ಆದ್ದರಿಂದ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ನಾವು ಹಿರಿಯರಿಗೆ ಎಲೆ ಹಾಕಿ ಬಡಿಸುತ್ತೇವೆ. ಹೋಗಿ ವರ್ಷ ತುಂಬಿದವರನ್ನು ಹೆಸರು ಹಿಡಿದು ಕರೆದು ಹಿರಿಯರ ಜೊತೆ ಸೇರಿಸುವುದೂ ಆಗಲೇ. ಸೇರಿಸದಿದ್ದರೆ ಅವರಿಗೆ ಅಲ್ಲಿಯೂ ಜಾಗವಿಲ್ಲ, ಇಲ್ಲಿಯೂ ಇಲ್ಲ. ಈ ಸಲ ಅಪ್ಪ ಬಡಿಸಲು ಬಿಡಲಿಲ್ಲ. ಸಂಬಂಧಿಕರೆಲ್ಲ ಬಂದು ಕೂತಿದ್ದಾಗ, ಅವನು ಸತ್ತಿಲ್ಲ, ಮಬೇಲಾದಲ್ಲಿ ಕಾರಿನಲ್ಲಿದ್ದಾನೆ, ತೂಕವೂ ಇದೆ ಎಂದರು. ಒಬ್ಬೊಬ್ಬರಾಗಿ ಎದ್ದು ಹೋದರು.

ಈಗ ಅಪ್ಪ ಶಾಪಿಗೂ ಸರಿಯಾಗಿ ಹೋಗುವುದಿಲ್ಲ. ಊಟಕ್ಕೆ ಕೂತರೆ ಅಣ್ಣನಿಗೆ ಅಲ್ಲಿ ಯಾರು ಕೊಡುತ್ತಾರೋ ಎನ್ನುತ್ತಾರೆ. ಅಮ್ಮ ಸತ್ತಾಗಲೂ ನಾನು ಅವರನ್ನು ಹೀಗೆ ನೋಡಿರಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ.

ನನ್ನದೊಂದೇ ಬೇಡಿಕೆ. ಕಾರಿಗೆ ಕಾಯಿಲ್ ಹಾಕಿ. ಹಾಕಿದ ಮೇಲೆ ಇನ್ನೊಮ್ಮೆ ತೂಗಿ, ಎಡ ಬಲ ಎರಡೂ ಸಮ ಬಂತು, ಅವನು ಇಲ್ಲಿಲ್ಲ ಎಂದು ಅಪ್ಪನಿಗೆ ಬರೆಯಿರಿ. ಯಂತ್ರ ಏನೇ ತೋರಿಸಲಿ, ಹಾಗೇ ಬರೆಯಿರಿ. ಸುಳ್ಳಿನ ಪಾಪ ನನಗಿರಲಿ.

ವಿನೋದಾ


ಅಲ್ ಮಬೇಲಾ
ಅಕ್ಟೋಬರ್ 27, 1995

ದೇಜಪ್ಪಣ್ಣನವರಿಗೆ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೇಸರ ಮಾಡಬೇಡಿ. ನಿಮ್ಮ ಮಾತು ಮೀರಿದ್ದೇನೆ. ಕಾಯಿಲ್ ಹಾಕಿದೆ.

ಖಲ್ಫಾನನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವನ ಗೆಳೆಯನ ಜೀಪಿಗೆ ಹಾಕಿದ್ದ ಗಾಳಿಯ ಚೀಲ ಸೆಪ್ಟೆಂಬರಿನಲ್ಲಿ ನಿಜ್ವಾದ ದಾರಿಯಲ್ಲಿ ಒಡೆಯಿತು. ಖಲಾಸ್, ಸ್ಪ್ರಿಂಗೇ ಇರಲಿ ಎಂದ. ಆದರೆ ಅವನು ಗಾಳಿಯೇ ಬೇಕೆಂದು ಹಟ ಹಿಡಿದಿದ್ದರೂ ನಾನು ಹಾಕುತ್ತಿರಲಿಲ್ಲ. ನೀವು ಹೇಳಿದ್ದು ಸರಿ, ಗಾಳಿಯಾದರೆ ಅವನು ಕೂತದ್ದು ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಗೊತ್ತಾಗದಿದ್ದರೆ, ಸಾಕು ಮಗಾ ಏಳು ಎಂದು ಹೇಳುವವರೂ ಇರುವುದಿಲ್ಲ. ಖಲ್ಫಾನ್ ಮಾರಿದರೆ ಇನ್ನೊಬ್ಬ, ಅವನು ಮಾರಿದರೆ ಮತ್ತೊಬ್ಬ. ಹುಡುಗ ಯಾರು ಯಾರ ಪಕ್ಕದಲ್ಲಿ ಕೂತು ಎಲ್ಲೆಲ್ಲಿ ತಿರುಗಬೇಕು? ನನಗೆ ಅದನ್ನು ನೆನೆಸಿಕೊಳ್ಳಲಿಕ್ಕೂ ಆಗಲಿಲ್ಲ.

ಈಗ ಮುಖ್ಯ ವಿಷಯ. ಕಾರು ಪೂರ್ತಿಯಾಗಿದೆ. ಸ್ಟಿಯರಿಂಗು, ಪೆಡಲುಗಳು, ಬ್ಯಾಟರಿ, ಕುಶನ್, ಕಡುಕೆಂಪು ಬಣ್ಣ. ನಿನ್ನೆ ತೂಗಿದೆ. ಎಡ ಬಲ ಎರಡೂ ಸಮ. ಅರ್ಧ ಕಿಲೋ ಕೂಡ ಆಚೀಚೆ ಇಲ್ಲ. ಎರಡೂ ಕಡೆಗೆ ಒಂದೇ ನಮೂನೆಯ ಸ್ಪ್ರಿಂಗ್ ಹಾಕಿದ್ದೇನೆ. ಕಾರು ನೀರು ನಿಂತ ಹಾಗೆ ಮಟ್ಟಸವಾಗಿ ನಿಂತಿದೆ.

ಅವನು ಇಲ್ಲಿಲ್ಲ ದೇಜಪ್ಪಣ್ಣ. ಎದ್ದು ಹೋಗಿದ್ದಾನೆ. ನೀವು ಮನೆಯಲ್ಲಿ ಆಗಬೇಕಾದ ಕೆಲಸ ಮಾಡಿ.

ನಿಮ್ಮ
ಬೊನಿಫಾಸ್


ಹೆಜಮಾಡಿ
ನವೆಂಬರ್ 13, 1995

ಪ್ರೀತಿಯ ಬೊನಿಫಾಸ್,

ನಿನಗೆ ಸುಳ್ಳು ಬರೆಯಲಿಕ್ಕೂ ಬರುವುದಿಲ್ಲ.

ಸ್ಟಿಯರಿಂಗ್ ಬಾಕ್ಸು, ಅದರ ಕೊಳವೆ, ಪೆಡಲುಗಳು, ಬ್ಯಾಟರಿ, ಎಲ್ಲವನ್ನೂ ಕೂರಿಸಿದ್ದು ಎಡಗಡೆಗೆ. ಹತ್ತಿರ ಹತ್ತಿರ ಐವತ್ತೈದು, ಅರುವತ್ತು ಕಿಲೋ. ಖಾಲಿ ಕಾರಾದರೆ ಎಡಗಡೆ ಅಷ್ಟು ಜಾಸ್ತಿ ತೋರಿಸಲೇಬೇಕು. ನೀನು ಸಮ ಎಂದು ಬರೆದಿದ್ದಿ. ಸಮ ಬರಬೇಕಾದರೆ ಬಲಗಡೆ ಒಬ್ಬ ಕೂತಿರಬೇಕು. ಅಷ್ಟು ಲೆಕ್ಕ ಹಾಕದೆ ಬರೆದಿಯಲ್ಲ ಮಾರಾಯ. ಓದಿ ನಗು ಬಂತು. ಬಹಳ ಕಾಲದ ಮೇಲೆ ಬಂದ ನಗು. ನಗುವುದನ್ನು ಕಂಡು ವಿನೋದಾ ಓಡಿ ಬಂದು, ತಾನು ನಿನಗೆ ಬರೆದದ್ದನ್ನೆಲ್ಲ ಒಪ್ಪಿಕೊಂಡು ಅತ್ತಳು.

ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿಲ್ಲ. ನನ್ನ ಮಗನಿಗಾಗಿ, ನನಗಾಗಿ, ಪರವೂರಿನಲ್ಲಿ ಕೂತು ಒಬ್ಬ ಸುಳ್ಳು ಬರೆಯುತ್ತಾನೆಂದರೆ ಬೋಜ ಅಲ್ಲಿ ಯಾರೂ ಇಲ್ಲದವನಾಗಿರಲಿಲ್ಲ. ಇಷ್ಟು ದಿನ ನಿನ್ನನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಇನ್ನು ಬಯ್ಯುವುದಿಲ್ಲ.

ನಿನ್ನೆ ಆದಿತ್ಯವಾರ ಮಧ್ಯಾಹ್ನ ಬಡಿಸಿದೆವು. ಆಟಿ ಕಳೆದಿದ್ದರೂ ಆಗಬಹುದು ಎಂದರು ಊರಿನ ಹಿರಿಯರು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ ಸಾರು, ಕೋಳಿ. ಎಲೆಯ ಮುಂದೆ ನಿಂತು ನಾನೇ ಹೆಸರು ಹಿಡಿದು ಕರೆದೆ. ತುಳುವಿನಲ್ಲಿಯೇ ಕರೆದೆ, ಅವನನ್ನು ನಾನು ಬೇರೆ ಭಾಷೆಯಲ್ಲಿ ಯಾವತ್ತೂ ಕರೆದಿಲ್ಲ. ಮಗಾ, ಅಲ್ಲಿ ಸಾಕು, ಇಳಿ, ಮನೆಗೆ ಬಾ ಎಂದೆ. ಆಮೇಲೆ ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂತೆವು.

ಬಂದವರು ಉಂಡ ಗುರುತು ಎಲೆಯ ಮೇಲೆ ಕಾಣುವುದಿಲ್ಲ. ಆದರೆ ಬಾಗಿಲು ತೆರೆದಾಗ ಮನೆಯವರಿಗೆ ಗೊತ್ತಾಗುತ್ತದೆ. ಅವನ ಅಮ್ಮನಿಗೆ ಬಡಿಸಿದಾಗ ನನಗೆ ಗೊತ್ತಾಗಿತ್ತು. ನಿನ್ನೆ ಏನೂ ಗೊತ್ತಾಗಲಿಲ್ಲ. ಬರೀ ಕೋಣೆ, ಬರೀ ಎಲೆ.

ಇರಲಿ. ಕರೆಯುವುದು ನನ್ನ ಕೆಲಸ, ಕರೆದೆ.

ಇತಿ,
ದೇಜಪ್ಪ


ಅಲ್ ಮಬೇಲಾ
ನವೆಂಬರ್ 28, 1995

ದೇಜಪ್ಪಣ್ಣ,

ನಾನು ಸುಳ್ಳು ಬರೆದಿರಲಿಲ್ಲ.

ಬರೆಯಬೇಕಾದರೆ ಬರೆಯುತ್ತೇನೆಂದು ನಿಶ್ಚಯ ಮಾಡಿಕೊಂಡೇ ಯಂತ್ರದ ಮುಂದೆ ಕೂತಿದ್ದೆ. ಆದರೆ ಎರಡೂ ಕಡೆ ನಿಜವಾಗಿ ಸಮ ಬಂತು. ಅದನ್ನು ಕಂಡ ಸಂತೋಷದಲ್ಲಿ, ಎಡಗಡೆ ಏನೇನು ಕೂರಿಸಿದ್ದೇನೆಂದು ಲೆಕ್ಕ ಹಾಕುವ ಬುದ್ಧಿ ಬರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಅಲ್ಲೇ ಟಯರಿನ ಮೇಲೆ ಕೂತು ಎಡಗಡೆಯ ಲೆಕ್ಕವನ್ನೆಲ್ಲ ಕೂಡಿಸಿ ನೋಡಿದೆ. ಅಂದರೆ ಅವತ್ತು ನಾನು ಅವನು ಹೋದನೆಂದು ಬರೆಯುವಾಗ ಅವನು ಅಲ್ಲೇ ಕೂತು ನೋಡುತ್ತಿದ್ದ.

ಆದರೆ ಕೇಳಿ. ನಿಮ್ಮ ಕಾಗದ ಬರುವುದಕ್ಕೆ ಮೊದಲೇ, ನ್ಯಾಷನಲ್ ಡೇ ಮುಗಿದ ಕೂಡಲೇ, ಖಲ್ಫಾನ್ ಕಾರನ್ನು ತಕರಾರು ಹಿಡಿದು ತಂದಿದ್ದ. ಬಲಗಡೆ ಎರಡು ಬೆರಳು ಎದ್ದಿದೆ, ಇದೇನು ಕೆಲಸ ಎಂದು ನನ್ನನ್ನು ಬಯ್ದ. ನೋಡಿದರೆ ನಿಜ. ತೂಗಿದೆ. ಎಡಗಡೆ ಐವತ್ತೆಂಟು ಜಾಸ್ತಿ. ಯಾಕೆಂದು ತಿಳಿಯದೆ, ಆಮೇಲೆ ನೋಡೋಣ ಎಂದು ಕಾರನ್ನು ಬದಿಗೆ ನಿಲ್ಲಿಸಿದೆ.

ನಿನ್ನೆ ಅವನನ್ನು ಕರೆಸಿ, ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಅವನು ಹೇಳಲು ಸ್ವಲ್ಪ ನಾಚಿಕೊಂಡ. ನ್ಯಾಷನಲ್ ಡೇಗೆ ಮೊದಲಿನ ಆದಿತ್ಯವಾರ, ಅಂದರೆ ನೀವು ಬಡಿಸಿದ ದಿನವೇ, ಮಧ್ಯಾಹ್ನದ ಬಾಂಗು ಆಗುವುದಕ್ಕೆ ಮುಂಚೆ, ಒಬ್ಬನೇ ಬರ್ಕಾದಿಂದ ವಾಪಸು ಓಡಿಸಿಕೊಂಡು ಬರುತ್ತಿದ್ದನಂತೆ. ಇದ್ದಕ್ಕಿದ್ದ ಹಾಗೆ ನಿಲ್ಲಿಸಬೇಕು ಎಂದು ಅನಿಸಿತಂತೆ. ಯಾಕೆಂದು ಗೊತ್ತಿಲ್ಲ, ನಿಲ್ಲಿಸಿದ. ನೋಡಿದರೆ ಬಲಗಡೆಯ ಬಾಗಿಲು ತೆರೆದಿತ್ತು. ಬಾಗಿಲು ಹಾಕಲು ಕೈ ಚಾಚಿದವನು, ಹಾಕದೆ ಹಾಗೇ ಬಿಟ್ಟನಂತೆ. ನನಗೆ ಹಿಂದಿಯಲ್ಲಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಯಾರನ್ನೋ ಇಳಿಸಿದ ಹಾಗಾಯಿತು. ಇಳಿದವನು ದಾರಿ ದಾಟುವವರೆಗೆ ಕಾಯಬೇಕಲ್ಲ, ಕಾದೆ.”

ದಾರಿ ದಾಟಿದರೆ ಆ ಕಡೆ ಸಮುದ್ರ. ನಡುವೆ ಖರ್ಜೂರದ ತೋಟಗಳಿವೆ, ಅಷ್ಟೇ.

ಇಲ್ಲಿಂದ ಊರಿಗೆ ವಿಮಾನದಲ್ಲಿ ಹೋದರೂ ಅರ್ಧ ದಿನ ಹಿಡಿಯುತ್ತದೆ. ಅವನು ಯಾವುದರಲ್ಲಿ ಹೊರಟನೋ ನನಗೆ ಗೊತ್ತಿಲ್ಲ. ನೀವು ಬಾಗಿಲು ತೆರೆದದ್ದು ಬೇಗ ಆಯಿತು ದೇಜಪ್ಪಣ್ಣ. ಅವನು ಆಗಷ್ಟೇ ಇಳಿದಿದ್ದ. ನೀವು ಇನ್ನೊಂದು ದಿನ ಬಡಿಸಬೇಕು. ನನ್ನ ಧರ್ಮದವರು ಇದನ್ನೆಲ್ಲ ಹೇಳುವ ಹಾಗಿಲ್ಲ, ಆದರೂ ಹೇಳುತ್ತಿದ್ದೇನೆ, ಬಡಿಸಿ. ಬಾಗಿಲು ತೆರೆಯಲು ಅವಸರ ಮಾಡಬೇಡಿ.

ಅವನು ಮನೆಗೆ ಮುಟ್ಟಿದ ಮೇಲೆ ಒಂದು ಸಾಲು ಬರೆಯಿರಿ. ಮುಟ್ಟಿದ ಎಂದಷ್ಟೇ ಬರೆದರೂ ಸಾಕು.

ನಿಮ್ಮ
ಬೊನಿಫಾಸ್